ಮೂರನೆಯ ಕಾಲಂನಲ್ಲಿ ಇಲಿಗಳ ಮಹಾಯುದ್ಧ

ಇಲಿ ಹಿಡಿಯುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಯಾರೂ ಹೇಳದ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಇಲಿ ಕಣ್ಣಿಗೆ ಬೀಳುವುದು ಅಪರೂಪ. ಕಾಣುವುದು ಹಿಕ್ಕೆ, ಗೋಡೆಯಂಚಿನ ಜಿಡ್ಡಿನ ಗೆರೆ, ಕಡಿದ ಮೂಲೆ, ಹಿಟ್ಟು ಚೆಲ್ಲಿಟ್ಟ ನೆಲದ ಮೇಲೆ ಪುಟ್ಟ ಹೆಜ್ಜೆ. ಇಷ್ಟರಿಂದ ಇಲಿಯನ್ನು ಊಹಿಸಬೇಕು. ಆದರೆ ಊಹಿಸಿದ್ದನ್ನು ಕಂಡೆ ಎಂದು ಬರೆಯಬಾರದು. ನನ್ನ ಇಪ್ಪತ್ತಾರು ವರ್ಷದ ಕೆಲಸದಲ್ಲಿ ಈ ನಿಯಮವನ್ನು ಎರಡು ಸಲ ಮುರಿದಿದ್ದೇನೆ. ಮೊದಲನೆಯ ಸಲ ಜನ ನಕ್ಕರು. ಎರಡನೆಯದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ನಾನು ಮಂಡ್ಯದ ಕಡೆಯವನು, ಹೆಸರು ಸಿದ್ದೇಗೌಡ. ಪ್ರಾಣಿಶಾಸ್ತ್ರ ಓದಿದ್ದೆ. ಹೆಂಡತಿಗೆ ಅಮೆರಿಕದ ಸ್ಯಾನ್ ಹೋಸೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳ ಹಿಂದೆ ನಾನೂ ಬಂದು ಇಲಿ ಹಿಡಿಯುವ ಕಂಪನಿಯೊಂದಕ್ಕೆ ಸೇರಿದೆ. ನಮ್ಮವರು ಸೇರಿದ ಕಡೆ ಯಾರಾದರೂ "ಯಾವ ಲೈನಲ್ಲಿದ್ದೀರಿ?" ಎಂದರೆ "ಇಲಿ" ಎನ್ನುತ್ತಿದ್ದೆ. ಆ ಕಾಲ ಹೇಗಿತ್ತೆಂದರೆ, ಅದೂ ಒಂದು ಸ್ಟಾರ್ಟಪ್ಪಿನ ಹೆಸರಿರಬೇಕೆಂದು ಇಬ್ಬರು ಇಂಜಿನಿಯರುಗಳು ನನ್ನ ಹತ್ತಿರ ಕೆಲಸ ಖಾಲಿ ಇದೆಯೇ ಎಂದು ವಿಚಾರಿಸಿದ್ದರು.

ನನ್ನ ಮೇಲಿನವನು ವಾಲ್ಟ್. ದೊಡ್ಡ ಮೀಸೆ, ಸಣ್ಣ ಮಾತು. ನಮ್ಮ ತಪಾಸಣೆಯ ಹಾಳೆಯಲ್ಲಿ ನಾಲ್ಕು ಕಾಲಂ ಇರುತ್ತಿತ್ತು: ಜಾಗ, ಹೊತ್ತು, ಕಂಡದ್ದು, ಮಾಡಿದ್ದು. ಕೆಳಗೊಂದು ಕಾರ್ಬನ್ ಪ್ರತಿ. ವಾಲ್ಟ್ ಓದುತ್ತಿದ್ದುದು ಮೂರನೆಯ ಕಾಲಂ ಮಾತ್ರ. "ಸಿಡ್, ನಿನಗೆ ಅನ್ನಿಸಿದ್ದನ್ನು ಹೆಂಡತಿಗೆ ಹೇಳು. ಕಂಡದ್ದನ್ನು ನಿಂತಲ್ಲೇ ಇಲ್ಲಿ ಬರೆ. ವ್ಯಾನಿಗೆ ಬಂದು ಬರೆದರೆ ಅದು ಆಗಲೇ ಕಥೆ" ಎನ್ನುತ್ತಿದ್ದ.

ಮೊದಲ ತಪ್ಪು ಮಾರ್ಗನ್ ಹಿಲ್‌ನಲ್ಲಿ, ಒಂದು ಹಾಸನದ ಕುಟುಂಬದ ಮನೆಯಲ್ಲಿ. ದೇವರ ಮುಂದಿಟ್ಟ ಕೊಬ್ಬರಿಯನ್ನು ಯಾರೋ ದಿನವೂ ಕೊರೆಯುತ್ತಿದ್ದರು. ಹಲ್ಲಿನ ಗುರುತು ನೋಡಿ, ಮೂರನೆಯ ಕಾಲಂನಲ್ಲಿ "ಇಲಿ" ಎಂದು ಬರೆದೆ. ಮೂರು ವಾರ ಬೋನು ಇಟ್ಟೆ. ಒಂದೂ ಬೀಳಲಿಲ್ಲ. ಕೊನೆಗೊಂದು ಮಧ್ಯಾಹ್ನ ಮಗಳ ಕೋಣೆಯ ಪಂಜರದಿಂದ ಹ್ಯಾಮ್‌ಸ್ಟರ್, ಮೋಟು ಬಾಲದ ಇಲಿಯಂಥ ಸಾಕುಪ್ರಾಣಿ, ತಾನೇ ಬಾಗಿಲು ತಳ್ಳಿಕೊಂಡು ಬಂದು, ಕೊಬ್ಬರಿ ತಿಂದು, ತಾನೇ ಒಳಗೆ ಹೋಗಿ ಮಲಗಿತು. ಮನೆಯಾಕೆ ತಲೆಗೆ ಕೈ ಹೊತ್ತು, "ಅಯ್ಯೋ, ಇದು ನಮ್ಮ ಪಿಂಕಿ! ಮೂರು ವಾರದಿಂದ ಅದರ ಎದುರಿಗೇ ಬೋನು ಇಡ್ತಿದ್ರಲ್ಲ ಗೌಡ್ರೇ!" ಎಂದರು. ಮಗಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ಹಿ ಈಸ್ ಫ್ಯಾಮಿಲಿ, ಅಂಕಲ್" ಎಂದಳು. ವಾಲ್ಟ್ ಆ ಹಾಳೆಯನ್ನು ಆಫೀಸಿನ ಗೋಡೆಗೆ ಅಂಟಿಸಿ, "ಇಲಿ" ಎಂಬ ಪದದ ಸುತ್ತ ಕೆಂಪು ಸುತ್ತು ಹಾಕಿದ.

ಆ ಹೊತ್ತಿಗೆ ಕೆಲಸದ ಕ್ರಮ ಬದಲಾಗುತ್ತಿತ್ತು. ನಾನು ಸೇರಿದಾಗ ವಿಷದ ಕಾಲ. ಆಮೇಲೆ ಬೋನು. ಆಮೇಲೆ ಬಂದದ್ದು ತೂತು ಮುಚ್ಚುವ ಕ್ರಮ. ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೆ ಇಲಿಮರಿ ನುಗ್ಗುತ್ತದೆ; ಅಂಥ ಸಂದಿಗಳನ್ನೆಲ್ಲ ಹುಡುಕಿ ಉಕ್ಕಿನ ನಾರು ತುರುಕಿ ಗಾರೆ ಮೆತ್ತಬೇಕು. ಸ್ವಚ್ಛವಾದ ವಿಧಾನ. ಒಂದೇ ಒಂದು ಷರತ್ತು: ಮುಚ್ಚುವ ಮೊದಲು ಗೂಡು ಎಲ್ಲಿದೆ ಎಂದು ಗೊತ್ತಿರಬೇಕು. ಗೂಡು ಒಳಗೆ ಉಳಿದರೆ ನೀವು ಗೋಡೆಗೆ ಗಾರೆ ಮೆತ್ತಿದ್ದಲ್ಲ, ಗೋರಿ ಕಟ್ಟಿದ್ದು.

ಡಾಟ್‌ಕಾಮ್ ಕಂಪನಿಗಳು ಹಳೆಯ ಗೋದಾಮುಗಳಲ್ಲಿ ಆಫೀಸು ತೆರೆದ ವರ್ಷಗಳು ಇಲಿಗಳಿಗೆ ಸುಗ್ಗಿ. ಮೇಜು ಮೇಜಿಗೂ ಸೀರಿಯಲ್ ಡಬ್ಬ, ಬಿಸ್ಕತ್ತು, ಬೀನ್ ಬ್ಯಾಗಿನ ಕೆಳಗೆ ಪಿಜ್ಜಾ ಅಂಚು. ಅಂಥ ಒಂದು ಕಂಪನಿ ಸ್ಯಾನ್ ಮಟಿಯೋದಲ್ಲಿತ್ತು. ಹೆಸರು ಹೇಳುವುದಿಲ್ಲ, ಈಗ ಆ ಹೆಸರೂ ಇಲ್ಲ.

ಅದರ ಯಜಮಾನ ಕೆವಿನ್ ಎಂಬ ಯುವಕ. ಬರಿಗಾಲಲ್ಲಿ ಓಡಾಡುತ್ತಿದ್ದ. ನಾನು ಒಳಗೆ ಕಾಲಿಟ್ಟಾಗ ಇಪ್ಪತ್ತು ಜನ ವೃತ್ತವಾಗಿ ನಿಂತಿದ್ದರು. ಒಬ್ಬ ಮುಂದೆ ಬಂದು, ತಾನು ಇಂಥವನ ಮಗ, ಇಂಥವನ ಮೊಮ್ಮಗ, ಚೀಸ್ ಕೋಟೆ ಮುರಿದ ವಂಶದವನು ಎಂದು ಎದೆ ತಟ್ಟಿಕೊಂಡು ಹೇಳಿ, ಆಮೇಲೆ ಪ್ರಿಂಟರ್ ಕೆಟ್ಟಿದೆ ಎಂದ. ಅದು ಅವರ ಬೆಳಗಿನ ಮೀಟಿಂಗು.

ಕೆವಿನ್ ನನಗೆ ಷರತ್ತು ಹಾಕಿದ. ಇಲಿ ಕೊಲ್ಲುವಂತಿಲ್ಲ, ಇಲಿಗಳು ಕಂಪನಿಯ ವೀರರು. ಆದರೆ ಹಣ ಹಾಕುವವರು ನೋಡಲು ಬರುವ ಹೊತ್ತಿಗೆ ಒಂದು ವೀರನೂ ಕಾಣಬಾರದು.

ನನಗೆ ಅರ್ಥವಾಗದೆ ನಿಂತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು. "ಅಂಕಲ್, ನಿಮ್ಮ ಬ್ಯಾಡ್ಜಲ್ಲಿ ಗೌಡ ಅಂತ ಇದೆ. ನಮ್ಮ ಕಡೇವ್ರಾ?"

ಮೈಸೂರಿನ ಹುಡುಗಿ, ವಸುಧಾ. ಹಳೆಯ ಗ್ರೀಕ್ ಭಾಷೆಯಲ್ಲಿ ಸಂಶೋಧನೆ ಮಾಡುತ್ತಿದ್ದವಳು ಅದನ್ನು ಅರ್ಧಕ್ಕೆ ಬಿಟ್ಟು ಇಲ್ಲಿ ಸೇರಿದ್ದಳು. ಅವಳ ಹುದ್ದೆಯ ಹೆಸರು ಮಹಾಕಾವ್ಯ ವಿಭಾಗದ ಮುಖ್ಯಸ್ಥೆ. ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ.

"ಇವರೆಲ್ಲ ಯಾಕವ್ವ ಹಿಂಗೆ ಆಡ್ತಾವ್ರೆ?" ಎಂದು ಕೇಳಿದೆ.

ಅವಳು ಬಿಡಿಸಿ ಹೇಳಿದಳು. ಗ್ರೀಕರಿಗೆ ದೊಡ್ಡ ದೊಡ್ಡ ಯುದ್ಧಕಾವ್ಯಗಳಿದ್ದವು. ಅವನ್ನು ತಲೆಮಾರುಗಟ್ಟಲೆ ಕೇಳಿದ ಮೇಲೆ ಯಾರಿಗೋ ತಮಾಷೆ ಮಾಡಬೇಕೆನಿಸಿತು. ಅದೇ ಛಂದಸ್ಸು, ಅದೇ ಗಂಭೀರ ಮಾತು, ಅದೇ ವಂಶಾವಳಿ, ಅದೇ ಕವಚ ತೊಡುವ ವರ್ಣನೆ. ವೀರರು ಮಾತ್ರ ಕಪ್ಪೆ, ಇಲಿ, ಕೊಕ್ಕರೆ. ಸಾಯುವ ಮೊದಲು ಇಲಿಯೂ ತನ್ನ ಮುತ್ತಜ್ಜನ ಹೆಸರು ಹೇಳುತ್ತದೆ. ಮೇಲೆ ದೇವತೆಗಳು ಯಾರ ಪಕ್ಷ ವಹಿಸಬೇಕೆಂದು ಚರ್ಚೆ ನಡೆಸುತ್ತಾರೆ.

"ಮಾತು ಒಂದಿಂಚೂ ಕುಗ್ಗಬಾರದು, ಮೈ ಮಾತ್ರ ಕುಗ್ಗಬೇಕು. ಅಷ್ಟೇ ಗುಟ್ಟು ಅಂಕಲ್. ಕೆವಿನ್‌ಗೆ ಇದನ್ನ ಇಂಟರ್ನೆಟ್ಟಲ್ಲಿ ಕಾರ್ಟೂನ್ ಮಾಡಿ ಪ್ರಪಂಚಕ್ಕೆಲ್ಲ ತೋರಿಸ್ಬೇಕು. ಅಂಥಾವು ಎಷ್ಟೋ ಇದ್ವಂತೆ, ಪೂರ್ತಿ ಉಳಿದಿರೋದು ಒಂದೇ. ಬೇರೇದ್ರದ್ದು ಚೂರುಗಳು ಮಾತ್ರ."

"ಚೂರಿನ ಅಂಚು ಹೆಂಗದೆ?" ಎಂದು ಕೇಳಿದೆ. "ಹಲ್ಲಿನ ಗುರುತು ಇದ್ಯಾ?"

ಅವಳು ನಕ್ಕಳು. ನಾನು ತಮಾಷೆಗೆ ಕೇಳಿರಲಿಲ್ಲ. ನಕ್ಕವಳ ಮುಖ ಬೇಗನೇ ಚಿಕ್ಕದಾಯಿತು. ತನ್ನ ಮೇಜಿನ ಕೆಳಗಿನ ಡ್ರಾಯರ್ ಎಳೆದು ತೋರಿಸಿದಳು. ಒಂದು ದಪ್ಪ ನೋಟ್‌ಬುಕ್ಕು. ರಟ್ಟು ನೆಟ್ಟಗಿತ್ತು, ಒಳಗೆ ಹಾಳೆಗಳಿರಲಿಲ್ಲ. ಬೆನ್ನಿನ ಹೊಲಿಗೆಯುದ್ದಕ್ಕೂ ಕಡಿದ ನಾರು.

ಆರು ವರ್ಷದಿಂದ ಅವಳು ಕನ್ನಡದಲ್ಲಿ ಅಂಥದೇ ಒಂದು ಕಾವ್ಯ ಬರೆಯುತ್ತಿದ್ದಳು. ಅಡುಗೆಮನೆಯ ಮೇಲಟ್ಟಕ್ಕಾಗಿ ಇಲಿಗಳಿಗೂ ಜಿರಳೆಗಳಿಗೂ ಯುದ್ಧ, ಭಾಮಿನಿ ಷಟ್ಪದಿಯಲ್ಲಿ. ಇಲಿಗಳ ಸೇನಾಪತಿ ನಿಪ್ಪಟ್ಟುಭಂಜನ. ಜಿರಳೆಗಳ ರಾಜ ಮೋರಿಧೀರ.

"ಕಂಪ್ಯೂಟರಲ್ಲಿ ಇಡಬಾರದಿತ್ತಾ?"

"ಆಫೀಸಿನ ಕಂಪ್ಯೂಟರಲ್ಲಿ ಏನು ಟೈಪ್ ಮಾಡಿದ್ರೂ ಅದು ಕಂಪನಿದಂತೆ, ಕಾಂಟ್ರಾಕ್ಟಲ್ಲಿದೆ. ಮನೇಲಿ ಮಾಡಿದ್ರೆ ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದರಲ್ಲಿ ಬರೀ ಚೌಕ ಚೌಕ. ಅದಕ್ಕೇ ಕಾಗದ. ಇಲ್ಲಿ ಊಟದ ಹೊತ್ತಲ್ಲಿ ಬರೀತಿದ್ದೆ. ಲಾಂಚ್ ಗಡಿಬಿಡೀಲಿ ಒಂದು ತಿಂಗಳು ಡ್ರಾಯರ್ ತೆಗೀಲಿಲ್ಲ. ಬೇರೆ ಪ್ರತಿ ಇಲ್ಲ, ಅಂಕಲ್. ಗ್ರೀಕ್ ಬಿಟ್ಟಾಗ, ಇದೊಂದು ನನ್ನದು ಉಳೀತು ಅಂದ್ಕೊಂಡಿದ್ದೆ." ಸ್ವಲ್ಪ ತಡೆದು, "ಗೂಡು ಹುಡುಕಿ ಕೊಡ್ತೀರಾ?" ಎಂದಳು.

"ಹುಡುಕ್ತೀನಿ ಕಣವ್ವ. ಗೂಡು ಸಿಕ್ಕೋವರ್ಗೂ ತೂತು ಮುಚ್ಚಾಕಿಲ್ಲ" ಎಂದು ಮಾತು ಕೊಟ್ಟೆ.

ಐದು ಸಲ ಹೋದೆ. ಇಲಿಯ ಓಡಾಟದ ದಾರಿಯಲ್ಲಿ, ಹೀಟರಿನ ಹಿಂದೆ, ಕೇಬಲ್ಲುಗಳ ಕೆಳಗೆ ಕಾಗದದ ಚೂರುಗಳು ಸಿಕ್ಕವು. ಇಲ್ಲಿ ಒಂದು ನಿಯಮ ಹೇಳಬೇಕು: ಇಲಿಯ ಮೂತ್ರ, ಹಿಕ್ಕೆ ತಾಗಿದ ಕಾಗದವನ್ನು ಯಾರ ಕೈಗೂ ಕೊಡುವಂತಿಲ್ಲ. ಕಾಯಿಲೆ ಹರಡುತ್ತದೆ. ಔಷಧಿ ಸಿಂಪಡಿಸಿ, ಎರಡು ಚೀಲದಲ್ಲಿ ಕಟ್ಟಿ ನಾಶ ಮಾಡಬೇಕು. ಮಾಡಿದೆ. ಆದರೆ ಅದಕ್ಕೆ ಮೊದಲು ಅಲ್ಲೇ ಮಂಡಿಯೂರಿ, ಕಂಡದ್ದನ್ನು ಮೂರನೆಯ ಕಾಲಂನಲ್ಲಿ ಬರೆದೆ. "ಹಿಕ್ಕೆ ಹನ್ನೊಂದು, ಹಸಿ. ಕಾಗದದ ಚೂರು ಒಂದು. ಅದರ ಮೇಲೆ—" ಎಂದು ಇಂಗ್ಲಿಷಿನಲ್ಲಿ ಬರೆದು, ಚೂರಿನ ಮೇಲಿದ್ದ ಅಕ್ಷರಗಳನ್ನು ಇದ್ದ ಹಾಗೆ ಕನ್ನಡದಲ್ಲಿ ಇಳಿಸಿದೆ. ಅರ್ಧ ಅಕ್ಷರ ಇದ್ದರೆ ಅರ್ಧವನ್ನೇ ಬರೆದೆ.

ಚೀಲ ಕಟ್ಟುವುದನ್ನು ವಸುಧಾ ನೋಡಿದಳು. "ನನ್ನ ಕಾವ್ಯನ ಕಸಕ್ಕೆ ಹಾಕ್ತಿದ್ದೀರಾ?"

"ರೂಲು ಕಣವ್ವ."

"ಯಾವ ಯುದ್ಧದಲ್ಲೂ ಹೀಗೆ ಮಾಡಲ್ಲ ಅಂಕಲ್. ಶವಾನ ಮನೆಯವರಿಗೆ ಕೊಡ್ತಾರೆ."

ನಾನು ಚೀಲದ ಬಾಯಿ ಬಿಗಿದು ಕಟ್ಟಿದೆ. ಬರೆದುಕೊಂಡಿದ್ದೇನೆ ಎಂದು ಹೇಳಬಹುದಿತ್ತು. ಹಾಳೆ ಆಫೀಸಿನದು, ಅದು ಬೇರೆ ಲೆಕ್ಕ, ಅವಳ ಕಾವ್ಯ ಬೇರೆ ಎಂದೇ ನನ್ನ ತಲೆಯಲ್ಲಿ ಕೂತಿತ್ತು. ನಾನು ನಿಧಾನದ ಮನುಷ್ಯ.

ವಾಲ್ಟ್ ಹಾಳೆ ನೋಡಿ ಮೀಸೆ ಎಳೆದುಕೊಂಡ. "ಈ ಜಿಲೇಬಿಗಳು ಏನು?"

ಅವನಿಗೆ ಜಿಲೇಬಿ ಗೊತ್ತಾದದ್ದೇ ನಮ್ಮ ಮನೆಯಲ್ಲಿ. "ಕಂಡದ್ದು" ಎಂದೆ.

"ಓದಿದರೆ ಏನರ್ಥ?"

"ಒಂದು ಇಲಿ ತನ್ನ ಮುತ್ತಜ್ಜನ ವಿಷಯ ಹೇಳುತ್ತಿದೆ."

ವಾಲ್ಟ್ ಹಾಳೆಯನ್ನು ಒಮ್ಮೆ ತಲೆಕೆಳಗು ಮಾಡಿ ನೋಡಿ ಸಹಿ ಹಾಕಿದ.

ಮೂರನೆಯ ಭೇಟಿಯಲ್ಲಿ ಕೆವಿನ್ ಹೊಸ ಬೇಡಿಕೆ ಇಟ್ಟ. ಯುದ್ಧಕ್ಕೆ ಮೊದಲು ದೂತನನ್ನು ಕಳಿಸಿ ಸಂಧಾನ ಮಾಡಿಸುವುದು ಪದ್ಧತಿ. ಕಂಪನಿಯೂ ಅದನ್ನು ಪಾಲಿಸಬೇಕು. ದೂತ ನಾನು. ಎರಡು ಪುಟದ ಘೋಷಣೆ ಸಿದ್ಧವಾಗಿತ್ತು. ನಾನು ಇಂಗ್ಲಿಷನ್ನು ತಡವರಿಸಿ ಓದುವುದು ಕಂಡು ವಸುಧಾ ಅಲ್ಲೇ ಕನ್ನಡಕ್ಕೆ ತಿರುಗಿಸಿ ಕೊಟ್ಟಳು. "ಕನ್ನಡದಲ್ಲೇ ಓದಿ ಅಂಕಲ್. ಅವುಗಳ ಹೊಟ್ಟೆಗೆ ಈಗಾಗ್ಲೇ ಸಾಕಷ್ಟು ಕನ್ನಡ ಹೋಗಿದೆ."

ಮಂಡಿಗೆ ಪ್ಯಾಡು ಕಟ್ಟಿ ತೂತಿನ ಮುಂದೆ ಕುಳಿತೆ. ಹಿಂದೆ ಇಪ್ಪತ್ತು ಜನ ಸೀರಿಯಲ್ ಡಬ್ಬಗಳನ್ನು ಗುರಾಣಿಯಂತೆ ಹಿಡಿದು ನಿಂತರು. "ಎಲೈ ಗೋಡೆವಾಸಿಗಳೇ, ಚೀಸ್‌ಕುಲತಿಲಕರೇ, ಗುರುವಾರದೊಳಗೆ ಮರ್ಯಾದೆಯಿಂದ ಹೊರಡಿರಿ, ಹಿತ್ತಲಿನ ಕಸದ ಡಬ್ಬದ ಮೇಲೆ ನಿಮಗೆ ಪೂರ್ಣ ಅಧಿಕಾರ ಕೊಡಲಾಗಿದೆ" ಎಂದು ಓದಿದೆ. ಎಲ್ಲರೂ ಉತ್ತರಕ್ಕೆ ಕಾದರು. ನಾನೂ ಕಾದೆ. ಆ ದಿನದ ಮೂರನೆಯ ಕಾಲಂ ಹೀಗಿದೆ: "ಘೋಷಣೆ ಓದಲಾಯಿತು. ಉತ್ತರ ಇಲ್ಲ. ಹಿಕ್ಕೆ ನಾಲ್ಕು."

ಐದನೆಯ ಭೇಟಿ ಒಂದು ಶುಕ್ರವಾರ. ಹಣ ಹಾಕುವವರು ಸೋಮವಾರ ಬರುತ್ತಾರೆಂದು ಸುದ್ದಿ ಬಂದಿತ್ತು. ಕೆವಿನ್ ಘೋಷಣೆ, ಕಾವ್ಯ ಎಲ್ಲ ಮರೆತು, ಇವತ್ತೇ ಎಲ್ಲ ತೂತು ಮುಚ್ಚಿ ಎಂದು ನಮ್ಮ ಆಫೀಸಿಗೆ ಫೋನು ಮಾಡಿದ. ವಸುಧಾ ಅಂದು ರಜೆಯಲ್ಲಿದ್ದಳು. ಗೋಡೆಗೆ ಕಿವಿಯಿಟ್ಟು ಕೇಳಿದೆ, ಸದ್ದಿಲ್ಲ. ಹಿತ್ತಲಿನ ಕಸದ ಡಬ್ಬದ ಬಳಿ ಹೊಸ ಹಿಕ್ಕೆ ಕಂಡಿತು. ಇಲಿಗಳು ನಿಜವಾಗಿ ಹೊರಟುಹೋಗಿವೆ ಅನ್ನಿಸಿತು. ಬಹುಶಃ ಘೋಷಣೆಯನ್ನು ನಾನೂ ಸ್ವಲ್ಪ ನಂಬಿದ್ದೆನೋ ಏನೋ. ಮೂರನೆಯ ಕಾಲಂನಲ್ಲಿ "ಗೂಡು ಹೊರಗಿದೆ" ಎಂದು ಬರೆದೆ. ಗೂಡನ್ನು ನಾನು ಕಂಡಿರಲಿಲ್ಲ. ಹದಿನಾಲ್ಕು ಸಂದಿ ಮುಚ್ಚಿ, ಗಾರೆ ಒರೆಸಿ, ಮನೆಗೆ ಹೋಗಿ ಊಟ ಮಾಡಿ ಮಲಗಿದೆ.

ಸೋಮವಾರ ಬೆಳಿಗ್ಗೆ ಗಾರೆ ಒಣಗಿದೆಯೇ ಎಂದು ನೋಡಲು ಹೋದೆ. ಬಾಗಿಲಲ್ಲೇ ವಸುಧಾ ಸಿಕ್ಕಳು.

"ಮುಚ್ಚಿಬಿಟ್ರಾ? ಗೂಡು ಸಿಗೋವರೆಗೂ ಮುಚ್ಚಲ್ಲ ಅಂದಿದ್ರಿ."

"ಹೊರಗೈತೆ ಅನ್ನಿಸ್ತು ಕಣವ್ವ."

"ಅನ್ನಿಸ್ತು," ಎಂದಳು.

ಒಳಗೆ ಸೂಟು ಹಾಕಿದ ಮೂವರು ಬೀನ್ ಬ್ಯಾಗುಗಳಲ್ಲಿ ಮುಳುಗಿ ಕುಳಿತಿದ್ದರು. ಕೆವಿನ್ ಬರಿಗಾಲಲ್ಲಿ ನಿಂತು ತನ್ನ ವಂಶಾವಳಿ ಹೇಳುತ್ತಿದ್ದ. ಅವನ ತಾತ ಯಾವುದೋ ಚೀಸ್ ಬೆಟ್ಟವನ್ನು ಒಬ್ಬನೇ ಗೆದ್ದವನು ಎನ್ನುವಲ್ಲಿಗೆ ಬಂದಾಗ ಗೋಡೆ ಕಿಚ್ ಎಂದಿತು. ಮತ್ತೆ ಕಿಚ್, ಕಿಚ್, ಬಹಳ ತೆಳ್ಳಗೆ, ಒಂದಾದ ಮೇಲೊಂದು.

ಸೂಟಿನವರಲ್ಲಿ ಒಬ್ಬ ಮೆಚ್ಚಿಕೊಂಡು, "ಸೌಂಡ್ ತುಂಬಾ ನೈಜವಾಗಿದೆ. ಯಾರು ಮಾಡಿದ್ದು?" ಎಂದ.

"ಅದು ನಮ್ಮದೇ ತಂತ್ರಜ್ಞಾನ," ಎಂದ ಕೆವಿನ್.

ಅದು ಮರಿಗಳ ಸದ್ದು ಎಂದು ನನಗೆ ಗೊತ್ತು. ತೂತು ಮುಚ್ಚಿ ಮೂರು ದಿನವಾಗಿತ್ತು. ಅನುಮತಿ ಕೇಳಲಿಲ್ಲ. ವ್ಯಾನಿನಿಂದ ಗರಗಸ ತಂದು, ಸೂಟಿನವರಿಗೆ "ಎಕ್ಸ್‌ಕ್ಯೂಸ್ ಮಿ" ಎಂದು ಹೇಳಿ, ಅವರ ತಲೆಯ ಪಕ್ಕದ ಗೋಡೆಯನ್ನು ಕೊಯ್ಯತೊಡಗಿದೆ. ಕೆವಿನ್ ಕೂಗಿದ. ಸೂಟಿನವರು ಇದೂ ಪ್ರದರ್ಶನದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಬಿಳಿಯ ಪುಡಿ ಅವರ ಸೂಟಿನ ಮೇಲೆ ಬಿದ್ದಾಗ ನಿಲ್ಲಿಸಿದರು.

ಹಲಗೆ ಕಿತ್ತಾಗ ನೀರಿನ ಪೈಪಿನ ಪಕ್ಕದಲ್ಲಿ ಗೂಡು ಕಂಡಿತು. ಉಂಡೆಯಾಗಿತ್ತು. ಅಷ್ಟೂ ನೋಟ್‌ಬುಕ್ಕಿನ ಹಾಳೆ. ತಾಯಿ ಇಲಿ ನಮ್ಮನ್ನು ನೋಡಿಯೂ ಕದಲಲಿಲ್ಲ. ಸುತ್ತ ಸೀರಿಯಲ್ ಚೂರು ಕೂಡಿಟ್ಟಿತ್ತು, ಪೈಪು ಬೆವರುತ್ತಿತ್ತು, ಹಾಗಾಗಿ ಬದುಕಿತ್ತು. ಅದರ ಹೊಟ್ಟೆಯ ಕೆಳಗೆ ಕಣ್ಣು ಬಿಡದ ಮರಿಗಳು. ಅದೇ ಪೈಪಿನ ನೀರು ಶಾಯಿಯನ್ನು ತೊಳೆದುಹಾಕಿತ್ತು. ವಸುಧಾ ಬಗ್ಗಿ ಟಾರ್ಚು ಬಿಟ್ಟು ನೋಡಿದಳು. ನೀಲಿ ಕಲೆ ಮಾತ್ರ. ಒಂದಕ್ಷರವೂ ಇರಲಿಲ್ಲ.

ಅವಳು ಅಳಲಿಲ್ಲ. "ಹಾಸಿಗೆಗಾದ್ರೂ ಆಯ್ತಲ್ಲ," ಎಂದು ಹೇಳಿ ಎದ್ದು ಹೋದಳು. ಬೈದಿದ್ದರೆ ವಾಸಿಯಿತ್ತು.

ನಾನು ನಿಂತಲ್ಲೇ ಹಾಳೆ ತೆಗೆದು ತುಂಬಿದೆ. ಕೆವಿನ್‌ನ ಫೋನಿಗೆ ಓಡಿಬಂದ ವಾಲ್ಟ್ ಅದನ್ನು ಓದಲು ಹೋದ. ಅವನಿಗೆ ಒಂದು ಪದವೂ ತಿಳಿಯಲಿಲ್ಲ. ಆಗಲೇ ನನಗೂ ಗೊತ್ತಾದದ್ದು, ನಾನು ಪೂರ್ತಿ ಕನ್ನಡದಲ್ಲೇ ಬರೆದಿದ್ದೆ. ಬಾಯಲ್ಲಿ ಹೇಳಿದೆ. ವಾಲ್ಟ್ ತಲೆಯಾಡಿಸಿದ. ಆಮೇಲೆ ಮೂವತ್ತು ವರ್ಷ ಇಲಿ ಕೊಂದ ಆ ಮನುಷ್ಯ ತಾಯಿ, ಮರಿ, ಗೂಡು ಸಮೇತ ಒಂದು ಬಕೆಟ್ಟಿಗೆ ಹಾಕಿ, ತೂತು ಕೊರೆದ ಮುಚ್ಚಳ ಮುಚ್ಚಿ, "ಕಣ್ಣು ಬಿಡುವವರೆಗೆ ನನ್ನ ಗರಾಜಿನಲ್ಲಿರಲಿ. ಇದನ್ನು ಯಾವ ಕಾಲಂನಲ್ಲೂ ಬರೆಯಬೇಡ" ಎಂದು ತೆಗೆದುಕೊಂಡು ಹೋದ.

ಸೂಟಿನವರು ಹಣ ಹಾಕಲಿಲ್ಲ. ಕೆಲವು ತಿಂಗಳಲ್ಲಿ ಕಂಪನಿ ಮುಚ್ಚಿತು. ಇಲಿಯಿಂದಲ್ಲ, ಆ ವರ್ಷ ಇಲಿ ಇಲ್ಲದ ಕಂಪನಿಗಳೂ ಮುಚ್ಚಿದವು. ಕೊನೆಯ ತಪಾಸಣೆಗೆ ನಾನು ಹೋದಾಗ ವಸುಧಾ ಡ್ರಾಯರ್ ಖಾಲಿ ಮಾಡುತ್ತಿದ್ದಳು. ಖಾಲಿ ರಟ್ಟನ್ನು ಕಸಕ್ಕೆ ಹಾಕಲೋ ಬೇಡವೋ ಎಂದು ಹಿಡಿದುಕೊಂಡಿದ್ದಳು. ವಾಲ್ಟ್ ನನ್ನ ಜೊತೆ ಬಂದಿದ್ದ. ಅವನು ಅವಳನ್ನು ನೋಡಿ, ನನ್ನನ್ನು ನೋಡಿ, "ಸಿಡ್, ಆ ಜಿಲೇಬಿಗಳು ಈಕೆಯವಾ?" ಎಂದು ಕೇಳಿದ.

ಹೌದು ಎಂದೆ.

"ಹಾಗಾದರೆ ಕಾರ್ಬನ್ ಪ್ರತಿ ಕೊಡುವುದಕ್ಕೆ ಏನು ರೋಗ? ಕಾರ್ಬನ್‌ನ ಮೇಲೆ ಇಲಿ ಉಚ್ಚೆ ಹೊಯ್ದಿಲ್ಲವಲ್ಲ."

ಇಷ್ಟು ಸುಲಭದ ಮಾತು ನನಗೆ ಅಷ್ಟು ತಿಂಗಳಲ್ಲಿ ಹೊಳೆದಿರಲಿಲ್ಲ.

ಮುಂದಿನ ಶನಿವಾರ ವಸುಧಾ ನಮ್ಮ ಆಫೀಸಿಗೆ ಬಂದು ಆ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿದಳು. ಹಿಕ್ಕೆಯ ಎಣಿಕೆಗಳ ನಡುವೆ ಅವಳ ಪದಗಳು. ಒಂದು ಚೂರು ಓದಿದರೆ ಮುಂದಿನದು ಅವಳಿಗೆ ನೆನಪಾಗುತ್ತಿತ್ತು. ಎಷ್ಟೋ ಕಡೆ ನೆನಪಾಗಲಿಲ್ಲ. ಅಲ್ಲಿ ಚುಕ್ಕಿ ಇಟ್ಟಳು. ಸಂಜೆಯ ಹೊತ್ತಿಗೆ ಮೂವತ್ತೊಂದು ಷಟ್ಪದಿಗಳು ತುಂಡು ತುಂಡಾಗಿ ಎದ್ದು ನಿಂತಿದ್ದವು. ಒಂದು ಮಾತ್ರ ಬಹುತೇಕ ಪೂರ್ತಿ: ನಿಪ್ಪಟ್ಟುಭಂಜನ ಸಾಯುವ ಮೊದಲು ಮೋರಿಧೀರನಿಗೆ ತನ್ನ ವಂಶ ಹೇಳುವ ಪದ್ಯ. ಐದು ಸಾಲು ಸಿಕ್ಕಿ, ಆರನೆಯದು ಸಿಗಲಿಲ್ಲ.

"ಈ ಸಾಲನ್ನ ಇಪ್ಪತ್ತು ಸಲ ತಿದ್ದಿದ್ದೆ ಅಂಕಲ್. ಕೊನೆಗೆ ಯಾವುದನ್ನ ಇಟ್ಕೊಂಡೆ ಅಂತಾನೇ ಗೊತ್ತಿಲ್ಲ. ಹೊಸದು ಬರೆಯೋಣ ಅಂದ್ರೆ ಸುಳ್ಳು ಅನ್ಸುತ್ತೆ."

ಹಾಗೆನ್ನುತ್ತಲೇ ಕೊನೆಯ ಹಾಳೆಯನ್ನು ಎಳೆದುಕೊಂಡಳು. ನಾನು ಗೋಡೆ ಕೊಯ್ದ ದಿನದ್ದು. ನನ್ನ ಸೊಟ್ಟ ಅಕ್ಷರವನ್ನು ಮನಸ್ಸಿನಲ್ಲೇ ಓದಿದಳು. ಬೆರಳು ಮೇಜಿನ ಮೇಲೆ ತಟ್ಟತೊಡಗಿತು. ಮೂರು, ನಾಲ್ಕು, ಮೂರು, ನಾಲ್ಕು. ಮತ್ತೊಮ್ಮೆ ತಟ್ಟಿದಳು.

"ಅಂಕಲ್, ಆರನೇ ಸಾಲಿಗೆ ಇದು ಕೂರುತ್ತೆ."

"ಅದು ನಾನು ಕಂಡದ್ದು ಕಣವ್ವ. ಪದ್ಯ ಅಲ್ಲ."

"ಪ್ರಾಸ ಕೂಡ ಇದೆ."

"ನಾನು ಇಟ್ಟಿದ್ದಲ್ಲ."

"ಗೊತ್ತು. ಅದಕ್ಕೇ ತಗೋತೀನಿ."

ಆ ಯುಗಾದಿಗೆ ನಮ್ಮವರು ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಅವಳು ಓದಿದಳು. ಚುಕ್ಕಿ ಇದ್ದ ಕಡೆ ಅಷ್ಟು ಹೊತ್ತು ಸುಮ್ಮನೆ ನಿಂತು ಮುಂದುವರಿಸುತ್ತಿದ್ದಳು. ಜನ ಹೋಳಿಗೆ ಊಟಕ್ಕೆ ಕಾಯುತ್ತಿದ್ದರು, ಆದರೂ ನಕ್ಕರು. ಕೊನೆಗೆ ರಾಗ ಹಿಡಿದು ಆ ಪದ್ಯ ಹೇಳಿದಳು:

ಕೇಳು ಜಿರಳೆಯೆ ನನ್ನ ವಂಶವ
ಹಾಳು ಗೋಡೆಯ ಬಿಲದೊಳುದಿಸಿದ
ಹೋಳು ಹೋಳಿಗೆ ಕದ್ದು ತಂದವ ನಮ್ಮ ಮುತ್ತಜ್ಜ
ಗೋಳು ಬೇಡವೊ ಮೋರಿಧೀರನೆ
ತಾಳು ಬಾಲದ ಬೀಸು ಬಂದಿತು
ಏಳು ಮರಿಗಳು ಗೋಡೆಯೊಳಗಿವೆ ಎಲ್ಲ ಜೀವಂತ

ಐದು ಸಾಲಿಗೆ ನಗು ಇತ್ತು. ಆರನೆಯದಕ್ಕೆ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಅಜ್ಜಿ ಗಟ್ಟಿಯಾಗಿಯೇ ಕೇಳಿದರು: "ಆಮೇಲೆ ಆ ಮರಿಗಳು ಏನಾದ್ವಮ್ಮಾ?"

ವಸುಧಾ ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆ ಕೈ ತೋರಿಸಿದಳು. ತಲೆಗಳೆಲ್ಲ ತಿರುಗಿದವು. ಎದ್ದು ನಿಂತೆ. ಏನೇನೋ ಹೇಳಬಹುದಿತ್ತು.

"ನಾನು ನೋಡಿದಾಗ ಬದುಕಿದ್ವು ತಾಯಿ," ಎಂದೆ. "ಅಲ್ಲೀವರ್ಗೂ ಹೇಳಬಲ್ಲೆ."